ಶೀಲಾವತಿ ಮನೆಯ ಗೈಡು

“ಊಟ ಆಯ್ತು ಅಮ್ಮ,” ಎಂದು ನನ್ನ ಅಮ್ಮನಿಗೆ ಹೇಳುತ್ತ ನಾಗಕುಮಾರ ನಮ್ಮ ನಡುಮನೆಯ ಚಾಪೆಯ ಮೇಲೆ ಕೂತ. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮದು ಹಳೇಬೀಡಿನ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಯಾರಿಗೂ ಊಟವಿಲ್ಲ. ೧೯೮೨ರ ಬ್ಯಾಂಕ್ ಗುಮಾಸ್ತರ ಪರೀಕ್ಷೆಗೆ ಒಟ್ಟಿಗೆ ಓದಲು ಶುರುಮಾಡಿದಾಗಿನಿಂದ ಅವನು ಸಂಜೆ ಬೇಗ ಬಂದು, ನಮ್ಮಲ್ಲೇ ಉಂಡು, ಆಮೇಲೆ ಗೈಡು ಬಿಡಿಸುತ್ತಿದ್ದ. ಅವನು ಪ್ರಶ್ನೆ ಓದುವುದು, ನಾನು ಎ, ಬಿ, ಸಿ, ಡಿಯಲ್ಲಿ ಒಂದು ಹೇಳುವುದು. ಉತ್ತರ ಸರಿಯಾದರೆ ಹುಬ್ಬು ಹಾರಿಸುತ್ತಿದ್ದ. ಆ ಹುಬ್ಬಿಗಾಗಿಯೇ ನಾನು ದೇಶದೇಶದ ರಾಜಧಾನಿಗಳನ್ನು ಬಾಯಿಪಾಠ ಮಾಡಿದ್ದೆ.

ಈ ವಾರವಿಡೀ ಕತ್ತಲಾದ ಮೇಲೆಯೇ ಬರುತ್ತಿದ್ದಾನೆ. ಟೈಪಿಂಗ್ ಕ್ಲಾಸಿಗೆಂದು ಬೇಲೂರಿಗೆ ಹೋದವನು ಬಟ್ಟೆ ಅಂಗಡಿಯವರ ಮಗಳು ಶೀಲಾವತಿಯ ಮನೆಯಲ್ಲಿ ಕೂತಿರುತ್ತಾನಂತೆ. ಅವಳೂ ಇದೇ ಪರೀಕ್ಷೆ ಬರೆಯುವವಳು. ಅವಳ ಹತ್ತಿರ ಬೆಂಗಳೂರಿನಿಂದ ತರಿಸಿದ ಹೊಸ ಗೈಡಿದೆ, ಮಂಡಿಯವರೆಗೆ ಜಡೆಯೂ ಇದೆ. ಇವನ ಊಟ ಎಲ್ಲಾಯಿತೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

“ಇವತ್ತು ಪ್ರಶ್ನೆ ನಾನು ಕೇಳ್ತೀನಿ,” ಎಂದು ಗೈಡು ಕಿತ್ತುಕೊಂಡೆ.

“ಕೇಳು.”

“ಬೇಲೂರಲ್ಲಿ ನೋಡೋವಂಥದ್ದು ಯಾವುದು? ಎ, ದೇವಸ್ಥಾನ. ಬಿ, ಟೈಪಿಂಗ್ ಕ್ಲಾಸು. ಸಿ, ಶೀಲಾವತಿ. ಡಿ, ಶೀಲಾವತಿ ಜಡೆ.”

ಅವನು ನನ್ನನ್ನು ಓರೆಗಣ್ಣಲ್ಲಿ ನೋಡುತ್ತ ನಕ್ಕ. “ಮೇಲಿನ ಯಾವುದೂ ಅಲ್ಲ ಅಂತ ಒಂದು ಇರಬೇಕಿತ್ತಲ್ಲ?”

“ಇಲ್ಲ. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೀತಾರೆ, ಯೋಚನೆ ಮಾಡಿ ಹೇಳಿ.”

ಅಷ್ಟರಲ್ಲಿ ಅವನ ಹೊಟ್ಟೆ ಗುರ್ ಎಂದಿತು.

“ನೀವು ಉಂಡೇ ಇಲ್ಲ!”

“ಮೆಲ್ಲಗೆ ಕಣೇ, ಅಮ್ಮ ನೊಂದ್ಕೋತಾರೆ. ಇಷ್ಟು ಹೊತ್ತಲ್ಲಿ ಅವರಾದ್ರೂ ಏನು ಬಡಿಸೋಕಾಗುತ್ತೆ?”

“ಯಾಕೆ, ಬೇಲೂರಲ್ಲಿ ಊಟಕ್ಕೆ ಕರೀಲಿಲ್ವಾ?”

“ದಿನಾ ಕರೀತಾರೆ.” ಜೇಬಿನಿಂದ ಒಂದಿಷ್ಟು ಹಾಳೆ ತೆಗೆದು ನನ್ನ ಮುಂದಿಟ್ಟ. “ನಮ್ಮ ಗೈಡಲ್ಲಿ ಈ ಲೆಕ್ಕಗಳಿಲ್ಲ. ನೀನು ಮುಗ್ಗರಿಸೋದು ಲೆಕ್ಕದಲ್ಲೇ ಅಲ್ವಾ? ಅವರು ಪುಸ್ತಕ ಹೊರಗೆ ಕೊಡಲ್ಲ, ಅಲ್ಲೇ ಕೂತು ಬರ್ಕೋಬೇಕು.”

ನನ್ನ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. “ಬರ್ಕೊಳ್ಳಿ. ಉಂಡಿದ್ರೆ ಏನಾಗ್ತಿತ್ತು?”

“ಅವರಪ್ಪ ನನ್ನ ಜಾತಕ ಕೇಳಿದಾರೆ. ಹೆಣ್ಣಿನ ಮನೇಲಿ ಎಲೆ ಮುಂದೆ ಕೂತರೆ ಒಪ್ಪಿದ ಹಾಗಲ್ವಾ ನಮ್ಮಲ್ಲಿ?”

“ಕೊಟ್ರಾ ಜಾತಕ?”

“ಕೊಟ್ಟಿದ್ರೆ ಹಸ್ಕೊಂಡು ಯಾಕೆ ಬರ್ತಿದ್ದೆ?” ಈಗ ಅವನು ನಗುತ್ತಿರಲಿಲ್ಲ. “ಇಷ್ಟು ದಿನ ನಿಮ್ಮನೇಲಿ ಉಂಡೆನಲ್ಲ ಕಾಂಚನ, ಯಾಕೆ ಅಂತ ಒಂದಿನಾನಾದ್ರೂ ಕೇಳಿದ್ಯಾ?”

ನನ್ನ ಕಿವಿಗಳು ಬಿಸಿಯಾದವು. ಹೊಟ್ಟೆಕಿಚ್ಚು ಪೂರ್ತಿ ಆರಿತ್ತೆಂದರೆ ಸುಳ್ಳಾದೀತು. ಇವನು ಅವಳೆದುರು ವಾರವೆಲ್ಲ ಕೂತದ್ದಂತೂ ನಿಜ. ಆದರೆ ಇನ್ನು ಬಿಂಕ ಮಾಡಿದರೆ ಕೆಟ್ಟೆನೆಂದು ಗೊತ್ತಾಯಿತು.

“ಇನ್ನು ಅಲ್ಲಿಗೆ ಹೋಗಬೇಡಿ,” ಎಂದೆ. “ಲೆಕ್ಕದಲ್ಲಿ ಫೇಲಾದ್ರೂ ಪರವಾಗಿಲ್ಲ. ನೀವು ಯಾವಾಗಲೂ ಇಲ್ಲೇ ಉಣ್ಣಬೇಕು. ನನಗೆ ನೀವು ಬೇಕು.”

ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ ಬಂತು.

“ನಾಗಕುಮಾರ, ನಾಳೆ ಹೊತ್ತಿರೋವಾಗಲೇ ಬಾರಪ್ಪ. ನಿಮ್ಮಪ್ಪ ಅಮ್ಮನ್ನೂ ಊಟಕ್ಕೆ ಕರ್ಕೊಂಡು ಬಾ.”