ಸರೀರಿ ಅಂದಳು ಸಮತಾ

“ಮೇಡಂ, ಭೂಮಿದು ಒಂದು ಗಡೀನ ನುಂಗಿಬಿಟ್ರಲ್ಲರಿ!”

ಹಾನಗಲ್ಲಿನ ಶಿಕ್ಷಕರ ತರಬೇತಿ ಸಭಾಂಗಣ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲಿದ್ದ ಸಮತಾಳಿಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತಿದ್ದವನು ಶಿಗ್ಗಾಂವಿಯ ವಿಜ್ಞಾನ ಮಾಸ್ತರ ಚನ್ನೇಶ.

‘ನೋಡಲು ಚೆನ್ನಾಗಿದ್ದಾನೆ... ಬಾಯಿ ಮಾತ್ರ ಕೆಟ್ಟದ್ದು!’

ಅವಳ ಪಾಠ ಸೊಗಸಾಗಿಯೇ ಇತ್ತು. ಭೂಮಿಯ ಗಟ್ಟಿ ಹೊರಪದರ ಕಾಯಿಸಿದ ಹಾಲಿನ ಕೆನೆಯಂತೆ ಒಡೆದು ಫಲಕಗಳಾಗಿದೆ. ಒಳಗಿನ ಬಿಸಿ ಶಿಲೆ ನಿಧಾನವಾಗಿ ಮೇಲೇಳುತ್ತದೆ, ತಣಿದು ಇಳಿಯುತ್ತದೆ, ಫಲಕಗಳೂ ಚಲಿಸುತ್ತವೆ. ಅವು ದೂರವಾದಲ್ಲಿ ಹೊಸ ನೆಲ ಹುಟ್ಟುತ್ತದೆ. ಎದುರುಬದುರಾಗಿ ಗುದ್ದಿದಲ್ಲಿ ಒಂದು ಇನ್ನೊಂದರಡಿ ನುಗ್ಗುತ್ತದೆ, ಇಲ್ಲವೇ ಹಿಮಾಲಯದಂಥ ಬೆಟ್ಟ ಏಳುತ್ತದೆ. ಫಲಕಗಳ ನಡುವೆ ಎರಡು ಬಗೆಯ ಗಡಿ, ಅಷ್ಟೇ ಎಂದು ಮುಗಿಸಿದ್ದಳು.

“ಮೂರನೇದು ನೀವ ಬಂದು ಹೇಳ್ರಿ ಹಂಗಾರ!”

ಚನ್ನೇಶ ಮಕ್ಕಳು ಬರೆಯುವ ಎರಡು ಪಾಟಿ ಹಿಡಿದು ಬಂದೇಬಿಟ್ಟ. ಒಂದನ್ನು ಅವಳ ಕೈಗಿತ್ತು, ತನ್ನದನ್ನು ಅದರ ಅಂಚಿಗೆ ಒತ್ತಿ ಹಿಡಿದ.

“ನೀವು ಆ ಕಡೆ ತಳ್ರಿ, ನಾ ಈ ಕಡೆ.”

ಪಾಟಿಗಳು ಅಂಟಿಕೊಂಡವು. ಇನ್ನೂ ಒತ್ತಿದರು... ತಟ್ಟನೆ ಜಾರಿದವು, ಅವಳ ಬಳೆ ಝಲ್ಲೆಂದಿತು!

“ಇಲ್ಲಿ ಹೊಸಾದು ಹುಟ್ಟೂದಿಲ್ಲ, ಹಳೇದು ಅಳಿಯೂದಿಲ್ಲ. ಉಜ್ಜಿಕೋತ ಸರಿತಾವ. ಸಿಕ್ಕೊಂಡದ್ದು ಬಿಟ್ಟಾಗ ಭೂಕಂಪ!”

ಭೂಕಂಪ ಎಲ್ಲಾಯಿತೆಂದು ಸಮತಾಳಿಗೆ ಮಾತ್ರ ಗೊತ್ತಿತ್ತು!

ಆಮೇಲೆ ಮಕ್ಕಳ ವಿಜ್ಞಾನ ಪ್ರದರ್ಶನಗಳ ನೆಪ ಸಿಕ್ಕಿತು, ಫೋನಿನಲ್ಲಿ ಸಲಿಗೆ ಬೆಳೆಯಿತು. ಸವಣೂರಿನ ಪ್ರದರ್ಶನ ಮುಗಿದ ಸಂಜೆ ಅವಳು ಹಾನಗಲ್ ಬಸ್ಸು ಹತ್ತಿದಳು. ಚನ್ನೇಶ ಹಿಂದೆಯೇ ಬಂದು ಬಾಗಿಲ ಮೆಟ್ಟಿಲಲ್ಲಿ ನಿಂತ. ಜನ ನೂಕಾಡುತ್ತಿದ್ದರು.

“ಸಮತಾ ಅವರ... ನಾವಿಬ್ಬರೂ ಲಗ್ನ ಆಗೂಣೇನ್ರಿ?”

“ಸರೀರಿ!” ಎಂದಳು. ನಾಚಿಕೆಗೆ ಮುಖ ಕಿಟಕಿಯತ್ತ ತಿರುಗಿತು.

ಮತ್ತೆ ನೋಡುವಷ್ಟರಲ್ಲಿ ಅವನು ಇಳಿದುಹೋಗಿದ್ದ!

‘ಕೇಳಿದವನೂ ಅವನೇ, ಓಡಿದವನೂ ಅವನೇ. ನಾನೇಕೆ ಫೋನ್ ಮಾಡಲಿ?’ ಹಟದಲ್ಲಿ ಅವಳೇನು ಕಡಿಮೆಯೇ? ಅವನ ಫೋನೂ ಬರಲಿಲ್ಲ. ರಾತ್ರಿ ದಿಂಬು ಒದ್ದೆಯಾದದ್ದು ಮಾತ್ರ ಸುಳ್ಳಲ್ಲ. ಅಷ್ಟರಲ್ಲಿ ಅಪ್ಪ ಅಬಲೂರಿನ ಗಂಡಿನ ಕಡೆಯವರಿಗೆ ಬರುವ ಭಾನುವಾರವೇ ಬನ್ನಿ ಎಂದು ಹೇಳಿಬಿಟ್ಟಿದ್ದ.

ಶುಕ್ರವಾರ ಹಿರೇಕೆರೂರಿನ ತರಬೇತಿಯಲ್ಲಿ ಚನ್ನೇಶ ಕಂಡ. ಕಣ್ಣು ಒಳಗೆ ಹೋಗಿ, ಸೊರಗಿದ್ದ. ಸಮತಾ ಮುಲಾಜು ನೋಡದೆ ಎದುರಿಗೇ ಹೋಗಿ ನಿಂತಳು.

“ಲಗ್ನದ ಮಾತು ಕೇಳಿ ಯಾಕ ಓಡಿದ್ರಿ?”

“ನೀವ ಸರೀರಿ ಅಂದ್ರಲ್ಲ! ಬಾಗಲದಾಗ ನಿಂತಿದ್ದೆ... ದೂರ ಸರೀರಿ ಅಂದ್ರಿ ಅಂತ ತಿಳದು ಇಳದೆ.”

“ಅಯ್ಯ ಶಿವನ! ನಾ ಒಪ್ಪಿಗಿ ಐತಿ ಅಂತ ಸರಿ ಅಂದಿದ್ದೆರಿ!”

ಬಸ್ಸಿನ ಬಾಗಿಲಲ್ಲಿ ನಿಂತು ಹೆಣ್ಣು ಕೇಳಿದರೆ ಹೀಗೇ ಆಗುವುದು. ಚನ್ನೇಶನ ಕಣ್ಣು ತುಂಬಿ ಬಂತು, ನಗುವೂ ಬಂತು.

“ಮನ್ಯಾಗ ಹೇಳಿ, ಹಿರಿಯರನ್ನ ಮೆಲ್ಲಕ ನಿಮ್ಮ ಮನಿಗೆ ಕರಕೊಂಡು ಬರ್ತೇನಿ.”

“ಎಷ್ಟು ಮೆಲ್ಲಕ?”

“ಫಲಕ ಸರಿದಂಗ... ವರ್ಷಕ್ಕ ಉಗುರು ಬೆಳದಷ್ಟು!”

“ಹಂಗ ಬಂದ್ರ ಅಬಲೂರಿನವರು ನನ್ನ ಕರಕೊಂಡು ಹೋಗಿರ್ತಾರ! ನಾಳೆನ ಬರ್ರಿ. ಅಪ್ಪಗ ನಾ ಹೇಳ್ತೇನಿ.”

“ಏನಂತ?”

“ಹುಡುಗ ಬಂಗಾರ, ಕಿವಿ ಅಷ್ಟ ಮಂದ ಅಂತ!”

ಅವನು ನಾಚಿ ತಲೆ ತಗ್ಗಿಸಿದ. ಸಮತಾ ಅವನ ಕಿವಿಯ ಹತ್ತಿರ ಬಾಗಿದಳು.

“ನೀವಂದ್ರ ನನಗ ಜೀವರೀ... ಈಗರ ಕೇಳಿಸ್ತೇನ್ರಿ?”

“ಕೇಳಿಸ್ತು... ಇನ್ನೊಮ್ಮೆ ಹೇಳ್ರಿ!”