ಅವ್ವನ ಬೆರಳಿನ ಗೆರೆಗಳು

"ಈ ಸಲಾನೂ ಥಂಬ್ ತಗೊಳ್ಳಿಲ್ಲ ಕಣೆ," ಎಂದು ಮುನಿಯಮ್ಮ ಖಾಲಿ ಚೀಲವನ್ನು ಮೂಲೆಗೆ ಎಸೆದಳು.

ಹೋಂವರ್ಕ್ ಮಾಡುತ್ತಿದ್ದ ಪ್ರತಿಮಾ ತಲೆಯೆತ್ತಿದಳು. "ಹಂಗಾರೆ ಅಕ್ಕಿ, ಅವ್ವ?"

"ಥಂಬ್ ತಗಂಡ್ರೆ ತಾನೇ ಅಕ್ಕಿ? ಮಿಷನ್ ಮೇಲೆ ಒತ್ತಿ ಒತ್ತಿ ಬೆರಳೇ ನೋಯ್ತಾ ಐತೆ. 'ನಿನ್ ಬೆರಳಲ್ಲಿ ಗೆರೇನೇ ಇಲ್ವಲ್ಲಮ್ಮ' ಅಂದ್ಬುಟ್ಟ ಅಂಗಡಿ ಕೆಂಪಯ್ಯ. ಕ್ಯೂನಲ್ಲಿದ್ದೋರೆಲ್ಲ ನಗಾಡ್ಬುಟ್ರು."

ಪ್ರತಿಮಾಗೆ ಮೈಯೆಲ್ಲ ಉರಿಯಿತು. ನಗುವಂಥದ್ದು ಏನಿತ್ತು ಅದರಲ್ಲಿ? ಅಪ್ಪ ಬಿಡದಿಯ ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ರೇಷನ್ ಅಂಗಡಿ ಬಾಗಿಲು ಹಾಕಿರುತ್ತದೆ. ತಿಂಗಳು ಮುಗಿದರೆ ಈ ತಿಂಗಳ ಅಕ್ಕಿ ಹೋದ ಹಾಗೆಯೇ. ಮನೆಯ ಡಬ್ಬದಲ್ಲಿ ಆಗಲೇ ತಳ ಕಾಣುತ್ತಿತ್ತು.

ಅವಳು ಅವ್ವನ ಕೈಯನ್ನು ಬೆಳಕಿಗೆ ಎಳೆದು ನೋಡಿದಳು. ಅವ್ವ ಕೆಲಸ ಮಾಡುವುದು ರೇಷ್ಮೆ ನೂಲು ತೆಗೆಯುವ ರೀಲಿಂಗ್ ಯೂನಿಟ್‌ನಲ್ಲಿ. ದಿನವಿಡೀ ಬಿಸಿನೀರಿಗೆ ಕೈ ಹಾಕಿ, ಬೆಂದ ಗೂಡುಗಳಿಂದ ಎಳೆ ಹುಡುಕಬೇಕು. ಬೆರಳ ತುದಿಗಳು ಸವೆದ ಸೋಪಿನ ಹಾಗೆ ಬೆಳ್ಳಗೆ, ನುಣ್ಣಗೆ ಆಗಿದ್ದವು.

"ಅವ್ವ, ಗೆರೆ ವಾಪಸ್ ಬತ್ತವೆ! ಸೌಮ್ಯ ಮಿಸ್ ಹೇಳವ್ರೆ. ನಮ್ ಮೈಯೆಲ್ಲ ಜೀವಕೋಶಗಳಂತೆ. ಒಂದು ಎರಡಾಗ್ತದೆ, ಎರಡು ನಾಲ್ಕಾಗ್ತದೆ. ಕೆಲವು ರಕ್ತ ಆಗ್ತವೆ, ಕೆಲವು ಮೂಳೆ, ಕೆಲವು ಚರ್ಮ. ಚರ್ಮದವು ಅಡೀಲಿ ಹುಟ್ಟಿ ಮೇಲಕ್ಕೆ ಬತ್ತಾನೇ ಇರ್ತವೆ. ಗೆರೆ ಹೆಂಗಿರ್ಬೇಕು ಅನ್ನೋದೂ ಅಡೀಲೇ ಐತಂತೆ!"

"ಹಂಗಾರೆ ನನ್ನವು ಎಲ್ಲೋದ್ವು? ರಜ ಹಾಕ್ಬುಟ್ವಾ?" ಎಂದು ಅವ್ವ ನಕ್ಕಳು.

ಪ್ರತಿಮಾ ನಗಲಿಲ್ಲ. ಅಂದಿನಿಂದ ಪಾತ್ರೆ ತೊಳೆಯುವುದು, ನೆಲ ಒರೆಸುವುದು ತನ್ನ ಕೆಲಸ ಎಂದು ಹಟ ಹಿಡಿದಳು. ಸಂಜೆಯಾದರೆ ಅವ್ವನ ಬೆರಳುಗಳಿಗೆ ಕೊಬ್ಬರಿ ಎಣ್ಣೆ. "ಓದ್ಕೊ ಹೋಗೆ, ಸಾಕು" ಎಂದು ಅವ್ವ ಬೈದರೂ ಕೇಳಲಿಲ್ಲ.

ಭಾನುವಾರ ಯೂನಿಟ್‌ಗೆ ರಜೆ. ಸೋಮವಾರ ಬೆಳಿಗ್ಗೆ ನೋಡಿದರೆ ಹೆಬ್ಬೆರಳಿನಲ್ಲಿ ಇದ್ದೂ ಇಲ್ಲದ ಹಾಗೆ ಗೆರೆಗಳು! ಪ್ರತಿಮಾ ಕುಣಿದಾಡಿಬಿಟ್ಟಳು. ಸಂಜೆ ಅವ್ವ ಕೆಲಸದಿಂದ ಬಂದಾಗ ಬೆರಳು ಮತ್ತೆ ನುಣ್ಣಗಾಗಿತ್ತು.

ಮರುದಿನ ಅವಳು ಕ್ಲಾಸ್ ಮುಗಿಯುವವರೆಗೂ ಕಾದಳು. "ಮಿಸ್, ನಮ್ಮವ್ವನ ಜೀವಕೋಶ ಡಿವೈಡ್ ಆಗ್ತಿಲ್ವಾ?"

ಸೌಮ್ಯ ಮಿಸ್ ಎಲ್ಲ ಕೇಳಿಸಿಕೊಂಡರು. "ಆಗ್ತಾ ಇವೆ ಪುಟ್ಟ. ಪಾಪ, ಅವು ಸುಮ್ಮನೆ ಕೂತೇ ಇಲ್ಲ. ಆದರೆ ಹೊಸದು ಪೂರ್ತಿ ಮೇಲೆ ಬರೋಕೆ ವಾರಗಟ್ಟಲೆ ಬೇಕು. ಬಿಸಿನೀರಲ್ಲಿ ಸವೆಯೋಕೆ ಒಂದು ದಿನ ಸಾಕು."

"ಒಂದಷ್ಟು ದಿನ ಕೆಲಸಕ್ಕೆ ಹೋಗ್ದಿದ್ರೆ?"

"ಹೋಗ್ದೆ ಇರೋಕಾಗುತ್ತಾ?"

ಪ್ರತಿಮಾ ತಲೆ ತಗ್ಗಿಸಿದಳು. ಮಿಸ್ ಅವಳ ಬೆನ್ನು ಸವರಿದರು. "ನಿನ್ನ ಹೆಸರೂ ಕಾರ್ಡಲ್ಲಿ ಇರುತ್ತಲ್ಲ? ನಿನ್ನ ಥಂಬ್ ಕೊಟ್ಟು ನೋಡು."

ಅಂದು ಸಂಜೆಯೇ ತಾಯಿ, ಮಗಳು ಅಂಗಡಿಗೆ ಹೋದರು. "ಒತ್ತು ಮಗ, ನಿಂದೂ ಒಂದ್ ಕೈ ನೋಡೇಬುಡಾನ," ಎಂದ ಕೆಂಪಯ್ಯ. ಪ್ರತಿಮಾ ಹೆಬ್ಬೆರಳು ಒತ್ತಿದಳು. ಮಿಷನ್‌ನಲ್ಲಿ ಹಸಿರು ದೀಪ ಹತ್ತಿತು.

"ನೋಡಿ, ನನ್ ಮಗಳ ಗೆರೆ ಹೆಂಗವೆ!" ಎಂದು ಅವ್ವ ಕ್ಯೂನಲ್ಲಿದ್ದವರ ಕಡೆ ತಿರುಗಿ ಹೇಳಿದಳು. ಅವಳ ಮುಖದಲ್ಲಿ ಎಲ್ಲಿಲ್ಲದ ಖುಷಿ.

ಪ್ರತಿಮಾ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಸುತ್ತಿನೊಳಗೆ ಸುತ್ತು, ಒಂದು ಗೆರೆಯೂ ಸವೆದಿರಲಿಲ್ಲ. ಯಾವ ಬಿಸಿನೀರೂ ಅದನ್ನು ಸವೆಸದಂತೆ ನೋಡಿಕೊಂಡವಳು ಪಕ್ಕದಲ್ಲೇ ನಿಂತು, ನುಣುಪಾದ ಬೆರಳುಗಳಿಂದ ಚೀಲದ ಬಾಯಿ ಅಗಲಿಸಿ ಹಿಡಿದಿದ್ದಳು.

ಪ್ರತಿಮಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಬುಡವ್ವ, ನಾನೂ ಒಂದ್ ಕಡೆ ಹಿಡ್ಕತೀನಿ," ಎಂದು ಇನ್ನೊಂದು ಕೈಯನ್ನು ಚೀಲಕ್ಕೆ ಹಾಕಿದಳು.