ಎಡಕ್ಕೆ ಸುತ್ತಿದ ಟೇಪು

ಕಪ್ಪು ಬಟ್ಟೆಯ ಅಂಚು ಮೇಲೆದ್ದು, ಹಗಲಿನ ಬೆಳಕೆಲ್ಲ ಒಳಗೆ ನುಗ್ಗಿತು.

"ಬಟ್ಟೆ ಬಿಡಿ, ಇನ್ನೂ ನೋಡ್ತಾ ಇದ್ದೀನಿ" ಎಂದು ಅವಳು ಒಳಗಿನಿಂದಲೇ ಸಿಡುಕಿದಳು.

"ಎಡಗಡೆ ಕೊನೆ ಸ್ವಲ್ಪ ಮಂಕು."

ಈ ಧ್ವನಿ... ಏಳು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಕೊನೆಯ ಸಲ ಕೇಳಿದ ಧ್ವನಿ!

ಕಾರುಗಳ ಒಳಗೆ ಅಲಂಕಾರದ ದೀಪ ಕೂರಿಸುವ ಅಂಗಡಿ ಅದು. ಗಿರಾಕಿ ಕೇಳಿದ ಅಳತೆಗೆ, ಕೇಳಿದ ಬಣ್ಣಕ್ಕೆ, ಬೆಳಕಿನ ಸಣ್ಣ ಗೆರೆಯೊಂದನ್ನು ಡ್ಯಾಶ್‌ಬೋರ್ಡಿಗೋ ಬಾಗಿಲಿಗೋ ಜೋಡಿಸಿಕೊಡುವುದು ಅವಳ ಕೆಲಸ. ಗೆರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಹೊಳೆಯಬೇಕು. ಹಗಲಲ್ಲಿ ಅದನ್ನು ಪರೀಕ್ಷಿಸಬೇಕೆಂದರೆ ದಪ್ಪ ಕಪ್ಪು ಬಟ್ಟೆ ಹೊದ್ದು ತಲೆ ತೂರಿಸಬೇಕು. ಹಾಗಾಗಿ ಬಂದವರಿಗೆ ಮೊದಲು ದರ್ಶನ ಕೊಡುವುದು ಒಡತಿಯ ಮುಖವಲ್ಲ, ಕಾರಿನಿಂದ ಹೊರಚಾಚಿದ ಎರಡು ಕಾಲು.

ಅವಳು ಕೂದಲು ಸರಿಮಾಡಿಕೊಳ್ಳುತ್ತ ಹೊರಬಂದಳು. ಅವನೇ! ಅದೇ ಉದ್ದನೆಯ ಸಣಕಲು ಮೈ. ಕಿವಿಯ ಪಕ್ಕ ನಾಲ್ಕು ಬಿಳಿಕೂದಲು ಹೊಸದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಂಗಡಿಯ ದೀಪಗಳನ್ನೆಲ್ಲ ಮಿಣುಕಿಸಿಬಿಟ್ಟಿದ್ದಕ್ಕೆ ಅವಳಪ್ಪ ಇಟ್ಟ ಹೆಸರು ಮಿಣುಕ. ಆ ಹೆಸರೇ ಉಳಿದುಹೋಗಿತ್ತು.

"ಯಾವಾಗ ಬಂದ್ರಿ?" ಎಂದಳು.

ಒಂದು ಕಾಲದಲ್ಲಿ 'ಲೋ' ಎಂದು ಕರೆಯುತ್ತಿದ್ದ ಬಾಯಿ. ಆ ಬಹುವಚನ ಇಬ್ಬರಿಗೂ ಚುಚ್ಚಿತು.

ಹೊರಗೆ ತನ್ನದೊಂದು ಹಳೆಯ ಕಾರಿದೆ, ಅದಕ್ಕೆ ದೀಪ ಹಾಕಿಸಬೇಕು ಎಂದ. ಬೇರೆ ಊರಿನಲ್ಲಿ ಅವನೇ ಇಂಥದೇ ಅಂಗಡಿ ಇಟ್ಟಿದ್ದಾನೆಂಬ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಮತ್ತೆ ಇಲ್ಲಿಗೇಕೆ ಎಂದು ಕೇಳಿದಳು. ತನ್ನ ಕೆಲಸದ ತಪ್ಪು ತನ್ನ ಕಣ್ಣಿಗೆ ಕಾಣುವುದಿಲ್ಲ, ಅವಳ ಕಣ್ಣು ಬೇಕು ಎಂದ. ಪಕ್ಕದ ಸೀಟಿನ ಬಾಗಿಲಿನ ಬೆಳಕು ಮಾತ್ರ ತೀರಾ ಮೃದುವಾಗಿರಲಿ ಎಂದೂ ಸೇರಿಸಿದ.

ಓಹೋ... ಪಕ್ಕದಲ್ಲಿ ಕೂರುವವಳು ಒಬ್ಬಳಿದ್ದಾಳೆ. ಇರಲಿ, ನನಗೇನು? ಹೀಗೆ ಅಂದುಕೊಂಡವಳು ಅಳತೆಯನ್ನು ಎರಡು ಸಲ ತಪ್ಪು ಬರೆದುಕೊಂಡಳು.

ಅಂಗಡಿಯ ಮುಂದಿನ ಮೇಜಿನ ಬಳಿ ಅಪ್ಪ ಪತ್ರಿಕೆಯ ಹಾಳೆ ತಿರುವಿದರು. ಕೈ ನಡುಗಲು ಶುರುವಾದ ಮೇಲೆ ಅವರ ಕೆಲಸ ಎರಡೇ. ಪತ್ರಿಕೆ ಓದುವುದು, ಬಂದವರಿಗೆಲ್ಲ "ನನ್ನ ಮಗಳ ಕೈ ಇವತ್ತಿನವರೆಗೂ ತಪ್ಪಿಲ್ಲ" ಎಂದು ಹೇಳುವುದು. ಆ ಮಾತು ಕೇಳಿದಾಗಲೆಲ್ಲ ಅವಳು ತಲೆಯನ್ನು ಕಪ್ಪು ಬಟ್ಟೆಯೊಳಗೆ ತೂರಿಸಿಬಿಡುತ್ತಿದ್ದಳು.

ಏಕೆಂದರೆ ಆ ಕೈ ತಪ್ಪಿತ್ತು. ಒಂದೇ ಒಂದು ಸಲ.

ಆಗ ಅವಳಿಗೆ ಇಪ್ಪತ್ತೆರಡು. ಅಪ್ಪನಿಗೆ ತಾಳ್ಮೆ ಕಡಿಮೆ, ಕಲಿಸಿದ್ದೆಲ್ಲ ಮಿಣುಕನೇ. ಬೆಳಕಿನ ಗೆರೆಯಾಗುವ, ಗಾಜಿನಂಥ ಅಕ್ರಿಲಿಕ್ ಕಡ್ಡಿಯ ಒಂದು ತುದಿಗೆ ದೀಪವಿಟ್ಟು ಉದ್ದಕ್ಕೂ ಒಂದೇ ಸಮ ಸ್ಯಾಂಡ್ ಪೇಪರ್ ಉಜ್ಜಿದರೆ, ಹತ್ತಿರದಲ್ಲಿ ಕಣ್ಣು ಕುಕ್ಕುತ್ತದೆ, ದೂರದಲ್ಲಿ ಕತ್ತಲಾಗುತ್ತದೆ. ಉಜ್ಜಿದಷ್ಟೂ ಬೆಳಕು ಹೊರಬರುತ್ತದೆ, ಅದಕ್ಕೇ ದೀಪದ ಹತ್ತಿರ ಹಗುರವಾಗಿ ಉಜ್ಜಬೇಕು, ದೂರ ಹೋದಂತೆ ಹೆಚ್ಚು ಉಜ್ಜಬೇಕು. ಇದನ್ನು ಕಲಿಯಲು ಅವಳು ಹದಿನೆಂಟು ಕಡ್ಡಿ ಹಾಳುಮಾಡಿದಳು. ಅವನು ಒಂದು ಸಲವೂ ಗದರಲಿಲ್ಲ. ಹಾಳಾದ ಕಡ್ಡಿಗಳನ್ನೆಲ್ಲ ಅಪ್ಪನಿಗೆ ಕಾಣದಂತೆ ಅಟ್ಟದ ಮೇಲೆ ಅಡಗಿಸಿಟ್ಟ.

ಕಪ್ಪು ಬಟ್ಟೆಯೊಳಗೆ ಇಬ್ಬರೂ ಒಟ್ಟಿಗೆ ತಲೆ ತೂರಿಸುತ್ತಿದ್ದ ದಿನಗಳವು. ಕೆನ್ನೆಗೂ ಕೆನ್ನೆಗೂ ನಡುವೆ ಒಂದು ಗೇಣು. "ಸಮ ಇದೆಯಾ?" ಎಂದು ಅವನು ಕೇಳುತ್ತಿದ್ದ. ಅವಳು ಗೆರೆಯನ್ನು ನೋಡುತ್ತಲೇ ಇರಲಿಲ್ಲ. ಆ ಬೆಳಕಿನಲ್ಲಿ ಅವನ ಮುಖ ನೋಡುತ್ತಿದ್ದಳು... ಎಂಥ ಸುಖದ ದಿನಗಳು!

ಒಂದು ದಿನ ಅವನು ಹೊರಗೆ ಹೋಗಿದ್ದಾಗ, ಅವಳೇ ಒಂದು ಕಾರಿಗೆ ದೀಪದ ವೈರು ಜೋಡಿಸಿದಳು. ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ವೈರಿಗೆ ಸೇರಿಸಬೇಕಿತ್ತು. ಸದಾ ಕರೆಂಟು ಇರುವ ವೈರಿಗೆ ಸೇರಿಸಿದಳು. ದೀಪ ಆರಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿತು, ಕಾರು ಹೊರಡದೆ ಗಿರಾಕಿಯ ಮಗಳಿಗೆ ಪರೀಕ್ಷೆ ತಪ್ಪಿತು.

ಅಪ್ಪ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಯಾರು ಮಾಡಿದ್ದು ಎಂದರು. ವಾಪಸ್ ಬಂದ ಆ ಕಾರಿನ ಡ್ಯಾಶ್‌ಬೋರ್ಡಿನ ಅಡಿಯಿಂದ ತಲೆ ಎತ್ತಿದ ಮಿಣುಕ, ನಾನೇ ಎಂದ. ಅವನಿಗೆ ಲೆಕ್ಕ ತಪ್ಪಿರಬೇಕು, ಇದು ತಾನೇ ಜೋಡಿಸಿದ ಕಾರು ಎಂದು ನಂಬಿದ್ದಾನೆ ಅಂದುಕೊಂಡಳು ಅವಳು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಅವನು ಚೀಲ ಹೆಗಲಿಗೇರಿಸಿ ಹೊರಟ.

ಅವಮಾನಕ್ಕೆ ನೊಂದು ಹೋದ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದೇ ಏಳು ವರ್ಷ ನಂಬಿದ್ದಳು.

ಈಗ ಮೂರು ದಿನ ಅವನ ಕಾರಿನ ಕೆಲಸ ನಡೆಯಿತು. ಎರಡನೆಯ ದಿನ ಅಪ್ಪ ಬಿಗಿದ ತುಟಿ ಬಿಚ್ಚಿ, ಮನೆಯಲ್ಲಿ ಎಷ್ಟು ಜನ ಎಂದು ಅವನನ್ನು ಕೇಳಿದರು. ಒಬ್ಬನೇ ಎಂದ. ಒಳಗೆ ಅವಳ ಕೈಯಿಂದ ಸ್ಯಾಂಡ್ ಪೇಪರ್ ಜಾರಿತು. ಒಬ್ಬನೇ! ಅಂದು ಉಜ್ಜಿದ ಕಡ್ಡಿಯಷ್ಟು ಚೆನ್ನಾಗಿ ಅವಳು ಯಾವ ಕಡ್ಡಿಯನ್ನೂ ಉಜ್ಜಿರಲಿಲ್ಲ.

ಮೂರನೆಯ ದಿನ ವೈರು ಜೋಡಿಸುವ ಹೊತ್ತು. ಯಾವ ವೈರಿನಲ್ಲಿ ಯಾವಾಗ ಕರೆಂಟು ಎಂದು ಮೀಟರ್ ಹಿಡಿದು ಒಂದು ಸಲ ನೋಡಿದಳು, ಎರಡು ಸಲ ನೋಡಿದಳು, ನಾಲ್ಕನೆಯ ಸಲಕ್ಕೆ ಕೈ ನಿಂತುಹೋಯಿತು. ಅವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

"ಆವತ್ತು ಆ ಕಾರಿಗೆ ವೈರ್ ಹಾಕಿದ್ದು ನಾನು" ಎಂದಳು. ಕಣ್ಣು ತುಂಬಿ ಮೀಟರಿನ ಅಂಕಿ ಕಲಸಿಹೋಯಿತು.

"ಗೊತ್ತು."

"ಹೇಗೆ?"

"ನೀನು ಎಡಚಿ. ವೈರ್ ಮೇಲೆ ಟೇಪನ್ನ ಎಡಕ್ಕೆ ಸುತ್ತುತ್ತೀಯ, ನಾನು ಬಲಕ್ಕೆ. ಆವತ್ತು ಕೈ ಹಾಕಿದ ತಕ್ಷಣ ಗೊತ್ತಾಯ್ತು. ಯಜಮಾನ್ರು ಬಗ್ಗಿ ನೋಡೋದ್ರೊಳಗೆ ಬಿಚ್ಚಿ ಬಲಕ್ಕೆ ಸುತ್ತಿಟ್ಟೆ."

ಅಂದರೆ... ಎಲ್ಲ ಗೊತ್ತಿದ್ದೇ ಹೊತ್ತುಕೊಂಡಿದ್ದ! ಅವಳು ಗೊಳೋ ಎಂದು ಅಳಲಿಲ್ಲ. ಎದ್ದು ನೆಟ್ಟಗೆ ಅಪ್ಪನ ಮೇಜಿನ ಹತ್ತಿರ ಹೋಗಿ, ಒಂದಕ್ಷರ ಬಿಡದೆ ಹೇಳಿದಳು. ಅಪ್ಪನ ಕಣ್ಣಲ್ಲಿ ತಾನು ಇನ್ನು ಹಳೆಯ ಮಗಳಾಗಿ ಉಳಿಯುವುದಿಲ್ಲ ಎಂದು ಗೊತ್ತಿದ್ದೂ ಹೇಳಿದಳು.

ಅಪ್ಪ ಕನ್ನಡಕ ತೆಗೆದಿಟ್ಟರು. ಆಮೇಲೆ ಎದ್ದು, ತಾವು ಕೂರುವ ಕುರ್ಚಿಯನ್ನೇ ಎಳೆದುಕೊಂಡು ಹೋಗಿ ಮಿಣುಕನ ಮುಂದಿಟ್ಟರು.

"ಕೂತ್ಕೋ. ಬೈಯೋವಾಗ ಬೀದಿಗೆಲ್ಲ ಕೇಳಿಸ್ತು. ಈಗ ತಪ್ಪಾಯ್ತು ಅನ್ನೋಕೆ ಗಂಟಲೇ ಏಳ್ತಿಲ್ಲ ನೋಡು."

"ಸುಳ್ಳು ಹೇಳಿದ್ದು ನಾನಲ್ವಾ ಯಜಮಾನ್ರೇ" ಎಂದ ಅವನು.

ಅಪ್ಪ ಮಗಳ ಕಡೆ ತಿರುಗಿ, ನಾಳೆಯಿಂದ ಗಿರಾಕಿಗಳಿಗೆ ಏನು ಹೇಳಲಿ ಎಂದು ಕೇಳಿದರು. ಒಂದು ಸಲ ತಪ್ಪಿತ್ತು ಅನ್ನು ಅಪ್ಪ ಎಂದಳು. ಅವರು ತಲೆಯಾಡಿಸಿ ಮೇಜಿಗೆ ಹೋದರು. ಕೋಪವೋ ಸಂಕಟವೋ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು.

ಸಂಜೆಗೆ ಮುಂಚೆ ಕಾರು ಸಿದ್ಧವಾಯಿತು. ಡ್ಯಾಶ್‌ಬೋರ್ಡಿನ ಗೆರೆ ತುದಿಯಿಂದ ತುದಿಗೆ ಒಂದೇ ಸಮ ಹೊಳೆಯುತ್ತಿತ್ತು, ಪಕ್ಕದ ಸೀಟಿನ ಬಾಗಿಲಿನದು ಅವನು ಕೇಳಿದಂತೆ ತೀರಾ ಮೃದು. ಅವನು ಕೀ ತೆಗೆದುಕೊಂಡ, ಬಾಗಿಲು ತೆರೆದ, ಆದರೆ ಒಳಗೆ ಕೂರಲಿಲ್ಲ.

"ಆವತ್ತು ಇಲ್ಲಿಂದ ಹೊರಟ ಮೇಲೆ ಒಂದು ವಾರ ಇದೇ ಊರಲ್ಲಿದ್ದೆ. ನೀನು ಬರ್ತೀಯ ಅಂತ."

"ಬಂದು ಏನು ಹೇಳ್ಬೇಕಿತ್ತು?"

"ಏನಾದ್ರೂ. ಬರ್ಲಿಲ್ಲ... ನಾನು ಹೋಗಿದ್ದೇ ಒಳ್ಳೇದಾಯ್ತು ನಿಂಗೆ ಅಂದ್ಕೊಂಡೆ."

ಅವಳು ಬಾಗಿಲಿಗೆ ಅಡ್ಡ ನಿಂತಳು. ನುಂಗಿಕೊಂಡು ನುಂಗಿಕೊಂಡು ಅವಳಿಗೆ ಸಾಕಾಗಿತ್ತು.

"ಹೋಗಬೇಡ. ನಂಗೆ ನೀನಂದ್ರೆ ಇಷ್ಟ. ಆವತ್ತೂ ಇಷ್ಟ, ಈಗಲೂ ಇಷ್ಟ."

ಅವನ ಮುಖ ಕೆಂಪಾಯಿತು. ಮುಂದಿನ ಮೇಜಿನ ಕಡೆ ಕಣ್ಣು ಹಾಯಿಸಿದ.

"ಸ್ವಲ್ಪ ಮೆಲ್ಲಗೆ... ಯಜಮಾನ್ರಿಗೆ ಕೇಳಿಸುತ್ತೆ."

"ಕೇಳಿಸ್ಲಿ" ಎಂದು ಅವಳು ಅವನ ಕೈಯಿಂದ ಕೀ ಕಿತ್ತುಕೊಂಡಳು.